ಮಡಿಸಿದ ಮೂಲೆ

ಗ್ಲಿಗೋರೆ ತುರ್ಲೆಯಾ ಇಪ್ಪತ್ತೇಳು ವರ್ಷ ಬುಕಾರೆಸ್ಟಿನ ವಿದೇಶಾಂಗ ಸಚಿವಾಲಯದ ಬಾಗಿಲು ಕಾದ. ಅದೇ ಬಾಗಿಲಿನ ಎಡಕ್ಕಿದ್ದ ಕೋಟುಕೋಣೆಯಲ್ಲಿ ನಾನು ಹತ್ತೊಂಬತ್ತು ವರ್ಷ ಸಾಹೇಬರುಗಳ ಕೋಟು, ಟೋಪಿ, ಕೊಡೆಗಳನ್ನು ತೆಗೆದಿಟ್ಟು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆ. ಅವನ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಈಗ ಯಾರೂ ಉಳಿದಿಲ್ಲ. ಅವನ ಬಗ್ಗೆ ಬರೆಯಲು ನನಗಿಂತ ಕಡಿಮೆ ಹಕ್ಕಿರುವವರೂ ಯಾರೂ ಇಲ್ಲ. ಆದರೂ ಬರೆಯುತ್ತೇನೆ. ನನಗೀಗ ಎಂಬತ್ತೊಂದು, ಇನ್ನು ಯಾರಿಗೆ ಹೆದರಲಿ?

ಅವನು ವ್ಲಾಷ್ಕಾ ಕಡೆಯ ಹಳ್ಳಿಯವನು. ಮೊದಲ ಮಹಾಯುದ್ಧದಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡು, ಒಂದು ಪದಕ ಸಂಪಾದಿಸಿಕೊಂಡು ಊರಿಗೆ ಬಂದಾಗ, ನೇಗಿಲು ಹಿಡಿಯಲು ಈ ಕೈ ಸಾಲದು ಎಂದು ಅಣ್ಣಂದಿರು ಪಟ್ಟಣಕ್ಕೆ ಅಟ್ಟಿದರು. ಪದಕ ನೋಡಿ ಸಚಿವಾಲಯದವರು ಬಾಗಿಲಿಗೆ ನಿಲ್ಲಿಸಿಕೊಂಡರು. ಬಿಳಿ ಕೈಗವಸಿನ ಎರಡು ಖಾಲಿ ಬೆರಳುಗಳಿಗೆ ಅವನು ಹತ್ತಿ ತುಂಬಿಕೊಳ್ಳುತ್ತಿದ್ದ, ಪರದೇಶದವರು ನೋಡಿ ಅಸಹ್ಯಪಡಬಾರದು ಎಂದು. ಕುಳ್ಳ, ದಪ್ಪ ಮೀಸೆ, ಒಂದು ಅಕ್ಷರ ಫ್ರೆಂಚ್ ಬಾರದು. ಆದರೆ ಯಾವ ದೇಶದ ರಾಯಭಾರಿ ಯಾರಿಗಿಂತ ಮುಂದೆ ನಡೆಯಬೇಕು, ಯಾರಿಗೂ ಯಾರಿಗೂ ಮಾತಿಲ್ಲ, ಯಾರ ಹೆಂಡತಿಯನ್ನು ಯಾರ ಪಕ್ಕ ಕೂರಿಸಬಾರದು ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಮೇಲಿನವರು ಗಲಿಬಿಲಿಯಾದಾಗ ಮೆಟ್ಟಿಲಿಳಿದು ಬಂದು ಮೆಲ್ಲಗೆ ಅವನನ್ನೇ ಕೇಳುತ್ತಿದ್ದರು. ಕೇಳಿದವರು ಒಬ್ಬರೂ ಅವನ ಮನೆತನದ ಹೆಸರು ತಿಳಿದುಕೊಂಡಿರಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಹೊಸವರ್ಷಕ್ಕೆ ನಮ್ಮ ಅಧಿಕಾರಿಗಳು ಒಂದೊಂದು ರಾಯಭಾರ ಕಚೇರಿಗೂ, ಅಲ್ಲಿನ ಹಿರಿಯರ ಮನೆಗೂ ಹೋಗಿ ಶುಭ ಕೋರಬೇಕು. ಒಳಗೆ ಹೋಗಿ ಕೂರಬೇಕಾಗಿಲ್ಲ, ಬಾಗಿಲಲ್ಲಿ ಹಿಡಿದ ತಟ್ಟೆಗೆ ತಮ್ಮ ಹೆಸರು ಅಚ್ಚು ಹಾಕಿಸಿದ ಕಾರ್ಡು ಹಾಕಿ ಬಂದರೆ ಸಾಕು. ಕಾರ್ಡಿನ ಬಲಮೂಲೆ ಮಡಿಸಿದ್ದರೆ ಆಸಾಮಿ ಸ್ವತಃ ಬಂದಿದ್ದ ಎಂದು ಅರ್ಥ. ಮಡಿಸಿರದಿದ್ದರೆ ಆಳಿನ ಕೈಯಲ್ಲಿ ಕಳಿಸಿದ ಎಂದು, ಅದು ಒಂದು ತೂಕ ಕಡಿಮೆ ಮರ್ಯಾದೆ. ಹಿಂದಿನ ರಾತ್ರಿ ಕುಡಿದು ಕುಣಿದ ಸಾಹೇಬರುಗಳಿಗೆ ಮಂಜಿನಲ್ಲಿ ಹದಿನೆಂಟು ಬಾಗಿಲು ತಿರುಗುವ ತ್ರಾಣ ಎಲ್ಲಿಂದ ಬರಬೇಕು? ಕಾರ್ಡಿನ ಕಟ್ಟನ್ನು ಗ್ಲಿಗೋರೆಯ ಕೈಗಿಟ್ಟು ಮಲಗುತ್ತಿದ್ದರು. ಅವನು ಎಲ್ಲ ಬಾಗಿಲಿಗೂ ನಡೆದು ಹೋಗಿ, ಪ್ರತಿಯೊಂದು ಕಾರ್ಡಿನ ಮೂಲೆಯನ್ನೂ ಹೆಬ್ಬೆರಳಿನ ಉಗುರಿನಿಂದ ಗೀರಿ ಮಡಿಸಿ, ತಟ್ಟೆಗೆ ಹಾಕಿ ಬರುತ್ತಿದ್ದ. ಮಡಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ನಮ್ಮ ಸಾಹೇಬ್ರು ಸೋಮಾರಿಗಳು ಅಂತ ಪರದೇಶದವರಿಗೆ ಯಾಕೆ ಗೊತ್ತಾಗ್ಬೇಕು, ವೆತೂರಿಯಾ?" ಎನ್ನುತ್ತಿದ್ದ.

"ತಟ್ಟೆ ಹಿಡ್ಕೊಂಡೋನಿಗೆ ಗೊತ್ತಾಗಲ್ವೇನಣ್ಣ, ನೀನು ಯಾರು ಅಂತ?"

"ಅವನೂ ತನ್ನ ಧಣಿದು ಹಿಂಗೇ ಮಡಿಸಿ ತರೋನೇ ಕಣೆ. ನಾವು ನಾವು ಸುಮ್ನಿರ್ತೀವಿ."

ಹೀಗೆ ಬುಕಾರೆಸ್ಟಿನ ಬಾಗಿಲು ಕಾಯುವವರಿಗೆಲ್ಲ ಗೊತ್ತಿದ್ದ ಈ ಗುಟ್ಟು ಗೊತ್ತಿಲ್ಲದೆ ಇದ್ದದ್ದು ರಾಯಭಾರಿಗಳಿಗೆ ಮಾತ್ರ.

೧೯೪೭ರ ನವೆಂಬರಿನಲ್ಲಿ ಕಮ್ಯುನಿಸ್ಟ್ ಪಾರ್ಟಿಯ ಹೊಸ ಮಂತ್ರಿ ಬಂದರು. ಆ ವಾರವೇ ಮೊದಲ ಮಹಡಿಯ ಹದಿನಾಲ್ಕನೆಯ ಕೋಣೆಗೆ ಉದ್ದನೆಯ ಮೇಜೊಂದನ್ನು ಸಾಗಿಸಿದರು. ಹಳೆಯ ಅಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಅಲ್ಲಿಗೆ ಕರೆಯುತ್ತಿದ್ದರು. ಒಳಗೆ ಐದು ನಿಮಿಷ, ಹೆಚ್ಚೆಂದರೆ ಹತ್ತು. ಕೆಳಗಿಳಿದು ಬಂದವನು ನನಗೆ ಬಿಲ್ಲೆ ಕೊಡುವಾಗ ಅದು ಕಟಕಟ ಎಂದು ಮೇಜಿಗೆ ಬಡಿಯುತ್ತಿತ್ತು. ಕೋಟು ಹಾಕಿಕೊಂಡು ಹೊರಟವನು ಮಾರನೆಯ ದಿನ ಬರುತ್ತಿರಲಿಲ್ಲ. ಹೊಸಬರು ಬಂದರು. ರೈಲ್ವೆ ಕಾರ್ಖಾನೆಯಿಂದ, ನೂಲಿನ ಗಿರಣಿಯಿಂದ, ಒಬ್ಬ ಟ್ರಾಮಿನ ಕಂಡಕ್ಟರು ಪತ್ರಿಕಾ ವಿಭಾಗದ ಮುಖ್ಯಸ್ಥನಾಗಿಯೇ ಬಂದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ ಮೊದಲ ತಿಂಗಳು ಬೆಳಗಿನಿಂದ ಸಂಜೆಯ ತನಕ ಸಭೆಗಳೇ ಸಭೆಗಳು. ಅವರು ನನಗೆ ಕೋಟು ಕೊಡುತ್ತಿರಲಿಲ್ಲ, ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಸೌದೆಯ ಕೊರತೆಯಿಂದ ಕಟ್ಟಡ ಕೊರೆಯುತ್ತಿತ್ತು ಎನ್ನುವುದೂ ನಿಜ. ಡಿಸೆಂಬರಿನ ಹೊತ್ತಿಗೆ ನನ್ನ ನೂರಿಪ್ಪತ್ತು ಗೂಟಗಳಲ್ಲಿ ಮೂವತ್ತು ತುಂಬುತ್ತಿದ್ದವು. ಎರಡು ಕೋಟುಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವುಗಳ ಬಿಲ್ಲೆ ಇದ್ದವರನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದರು ಎಂದು ಆಮೇಲೆ ತಿಳಿಯಿತು.

ಆ ಹೊಸಬರಿಗೆಲ್ಲ ಮುಖ್ಯಸ್ಥ ಬುಜೋರ್. ಯಾರನ್ನು ಉಳಿಸಬೇಕು, ಯಾರನ್ನು ತೆಗೆಯಬೇಕು ಎನ್ನುವುದು ಅವನ ಕೈಯಲ್ಲಿತ್ತು. ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ದುಡಿದವನು, ಆನೆಯಂಥ ಆಳು, ದನಿ ಮಾತ್ರ ಬೆಣ್ಣೆ. ಸುಳ್ಳು ಯಾಕೆ ಹೇಳಲಿ, ನನಗೆ ಅವನು ಮೊದಲು ಇಷ್ಟವಾಗಿದ್ದ. ಬಂದ ದಿನ ನೇರ ಕೋಟುಕೋಣೆಗೆ ಬಂದು ನನ್ನ ಕೈ ಕುಲುಕಿ, "ನಿಮ್ಮ ಹೆಸರೇನಕ್ಕ?" ಎಂದ. ಹತ್ತೊಂಬತ್ತು ವರ್ಷದಲ್ಲಿ ಆ ಕಟ್ಟಡದಲ್ಲಿ ನನ್ನ ಕೈ ಮುಟ್ಟಿದ ಮೊದಲ ಮೇಲಧಿಕಾರಿ ಅವನು. ನನಗೆ ಅಳು ಬಂದಿತ್ತು.

ಡಿಸೆಂಬರ್ ಮೂವತ್ತಕ್ಕೆ ದೊರೆ ಸಿಂಹಾಸನ ಬಿಟ್ಟ ಸುದ್ದಿ ರೇಡಿಯೋದಲ್ಲಿ ಬಂತು. ಜನವರಿ ಎರಡರಂದು ಬೆಳಿಗ್ಗೆ ಗ್ಲಿಗೋರೆ ನನ್ನ ಕೋಣೆಗೆ ಬಂದು, "ನಿನ್ನ ಗಂಡನ ರಬ್ಬರ್ ಬೂಟು ಇದ್ಯಲ್ಲ, ಕೊಡು. ಮಂಜು ಮೊಣಕಾಲ ತನಕ ಬಿದ್ದಿದೆ," ಎಂದ. ನನ್ನ ಗಂಡ ಡಾನ್ ನದಿಯ ಯುದ್ಧಕ್ಕೆ ಹೋದವನು ಬಂದಿರಲಿಲ್ಲ. ಅವನ ಬೂಟನ್ನು ನಾನು ಕೋಟುಕೋಣೆಯ ಒಲೆಯ ಹಿಂದೆ ಇಟ್ಟುಕೊಂಡಿದ್ದೆ.

"ಎಲ್ಲಿಗೆ ಸವಾರಿ?"

ಚೀಲ ತಟ್ಟಿ ತೋರಿಸಿದ. "ಕಾರ್ಡು."

"ಅಯ್ಯೋ ದೇವ್ರೇ! ಈ ವರ್ಷವೂ? ಕೊಡು ಅಂದೋರು ಯಾರು?"

"ಹೋದ ವರ್ಷದ್ದು ನನ್ನ ಡ್ರಾಯರಿನಲ್ಲಿ ಉಳ್ಕೊಂಡಿತ್ತು. ಕೆಲಸದಲ್ಲಿ ಉಳಿದಿರೋರದ್ದು ಮಾತ್ರ ಆರಿಸ್ಕೊಂಡಿದೀನಿ. ಐದೇ ಜನ. ಈ ಗಲಾಟೇಲಿ ಅವರಿಗೆ ನೆನಪಿರಲ್ಲ, ಪಾಪ. ಒಂದು ವರ್ಷ ತಪ್ಪಿದ್ರೆ ಆ ಕಡೆಯೋರು ಏನಂದ್ಕೊಳ್ಳಲ್ಲ?"

ನಾನು ಬೂಟು ಕೊಟ್ಟೆ. ತಡೆಯಬೇಕು ಎಂದು ನನಗೆ ಹೊಳೆಯಲಿಲ್ಲ. ನಿಜವಾಗಿ ನನಗೆ ಖುಷಿಯೇ ಆಗಿತ್ತು, ಎಲ್ಲವೂ ಬುಡಮೇಲಾದ ಮೇಲೂ ಯಾವುದೋ ಒಂದು ಕೆಲಸ ಮೊದಲಿನ ಹಾಗೇ ನಡೆಯುತ್ತಿದೆ ಎಂದು. ಸಂಜೆ ಬೂಟು ತೊಳೆದು ತಂದಿಟ್ಟ. ಮೀಸೆಯಲ್ಲಿ ಮಂಜು ಕಟ್ಟಿತ್ತು, ಮುಖ ಅರಳಿತ್ತು.

ಮಾರ್ಚಿನಲ್ಲಿ ಉಳಿದವರನ್ನು ಮತ್ತೊಮ್ಮೆ ಜರಡಿ ಹಿಡಿಯಲು ಪರಿಶೀಲನಾ ಸಮಿತಿ ಎಂದು ಮಾಡಿದರು. ಬುಜೋರ್, ಹೊರಗಿನಿಂದ ಬಂದ ಇಬ್ಬರು, ಕೆಳಗಿನ ನೌಕರರ ಪರವಾಗಿ ಗ್ಲಿಗೋರೆ, ಹೆಂಗಸರ ಪರವಾಗಿ ನಾನು. ಗ್ಲಿಗೋರೆಯನ್ನು ಬೇಸಿಗೆಯ ಹೊತ್ತಿಗೆ ಯಾವುದೋ ಬಂದರು ಪಟ್ಟಣದ ದೂತ ಕಚೇರಿಗೆ ಅಧಿಕಾರಿಯಾಗಿ ಕಳಿಸುವುದೆಂದೂ ಮಾತಾಯಿತು. ಆಳಾಗಬಲ್ಲವನು ಅರಸಾಗಬಲ್ಲ ಎಂದು ನಾನು ಛೇಡಿಸಿದೆ. ಅವನು ನಾಚಿಕೊಂಡ. ಆದರೆ ಮಾರನೆಯ ದಿನ ಮೀಸೆ ಕತ್ತರಿಸಿ ಅಚ್ಚುಕಟ್ಟು ಮಾಡಿಕೊಂಡು ಬಂದಿದ್ದ.

ಒಂದು ಮಂಗಳವಾರ ಸಮಿತಿ ಸೇರಿತು. ಬುಜೋರ್ ಸಿಗರೇಟು ಸುತ್ತುತ್ತಾ ಹೇಳಿದ:

"ಗ್ಲಿಗೋರಣ್ಣ, ಈ ದೊಡ್ಡಮನುಷ್ಯರ ಚಾಳಿ ನಮಗೊಂದೂ ಗೊತ್ತಿಲ್ಲ. ನೀವೇ ನಮಗೆ ಮೇಷ್ಟ್ರು. ಈ ಕಾರ್ಡಿನ ಮೂಲೆ ಮಡಿಸ್ತಾರಂತಲ್ಲ, ಹಂಗಂದ್ರೆ ಏನು?"

ಇಪ್ಪತ್ತೇಳು ವರ್ಷದಲ್ಲಿ ಮೇಜಿನ ಈ ಕಡೆ ಕೂತು ಪ್ರಶ್ನೆ ಕೇಳಿಸಿಕೊಂಡದ್ದು ಅವನಿಗೆ ಅದೇ ಮೊದಲು. ಎದ್ದು ನಿಂತ. ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗನ ಹಾಗೆ ಕೈ ಕಟ್ಟಿ ಹೇಳಿದ:

"ಮಡಿಸಿದ್ರೆ ಆಸಾಮಿ ಖುದ್ದು ಬಂದಿದ್ದ ಅಂತ, ಕಾಮ್ರೇಡ್. ತನ್ನ ಕಾಲಲ್ಲೇ ಬಂದು, ತನ್ನ ಕೈಯಾರೆ ಇಟ್ಟು ಹೋದ ಅಂತ."

"ಅನುಮಾನ ಇಲ್ಲವಾ?"

"ಅನುಮಾನ ಎಂಥದ್ದು! ಎಲ್ಲಾ ದೇಶದಲ್ಲೂ ಇದು ಒಂದೇ."

"ಬರ್ಕೊಳ್ಳಿ," ಎಂದು ಬುಜೋರ್ ಪಕ್ಕದವನಿಗೆ ಹೇಳಿ, ಮೇಜಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಬೋರಲು ಹಾಕಿದ. ಐದು ಕಾರ್ಡು ಮೇಜಿನ ಮೇಲೆ ಬಿದ್ದವು. ಐದಕ್ಕೂ ಬಲಮೂಲೆ ಮಡಿಸಿತ್ತು, ಹಿಂದೆ ಪಡೆದವನ ಕೈಬರಹದಲ್ಲಿ ಜನವರಿ ಎರಡರ ತಾರೀಕಿತ್ತು. ಪಶ್ಚಿಮದ ಒಂದು ದೇಶದ ರಾಯಭಾರ ಕಚೇರಿಯ ಕಾರ್ಯದರ್ಶಿಯನ್ನು ಗೂಢಚಾರನೆಂದು ಹಿಂದಿನ ವಾರ ದೇಶದಿಂದ ಹೊರಗೆ ಹಾಕಿದ್ದರು. ಅವನು ಬಿಟ್ಟುಹೋದ ಮನೆಯ ಪಿಂಗಾಣಿ ಬಟ್ಟಲಿನಲ್ಲಿ ಇವು ಸಿಕ್ಕವಂತೆ. ಯಾವ ದೇಶ ಎಂದು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ.

"ದೊರೆ ಹೋದ ಮೂರನೇ ದಿನ, ನಮ್ಮ ಐದು ಜನ ಅಧಿಕಾರಿಗಳು ತಮ್ಮ ಕಾಲಲ್ಲೇ ಆ ಮನೆಗೆ ಹೋಗಿದ್ದಾರೆ," ಎಂದ ಬುಜೋರ್. "ನಾಲ್ಕು ಜನ ಈಗ ದೇಶದಲ್ಲೇ ಇಲ್ಲ. ಒಬ್ಬ ಇದ್ದಾನೆ. ಎರಡನೇ ಮಹಡೀಲಿ ಕೂತು ನಮ್ಮ ಒಪ್ಪಂದಗಳನ್ನ ಓದ್ತಾ ಇದ್ದಾನೆ."

ಅವನು ಹೇಳಿದ್ದು ಸೆವೆರ್ ಪ್ರೊದಾನರ ಬಗ್ಗೆ. ಹಳೆಯ ಒಪ್ಪಂದಗಳ ಕಡತ ಬೇರೆ ಯಾರಿಗೂ ಅರ್ಥವಾಗದು ಎಂಬ ಒಂದೇ ಕಾರಣಕ್ಕೆ ಅವರನ್ನು ಅಲ್ಲಿಯ ತನಕ ಉಳಿಸಿಕೊಂಡಿದ್ದರು. ಪ್ರೊದಾನ್ ಅಂಥ ದೇವತೆಯೇನಲ್ಲ. ಜಿಪುಣ. ಪ್ರತಿ ಈಸ್ಟರಿಗೂ ಗ್ಲಿಗೋರೆಗೆ ಒಂದು ಜೊತೆ ಕಾಲುಚೀಲ, ನನಗೆ ಒಂದು ಸಾಬೂನು, ಇಷ್ಟು ಬಿಟ್ಟರೆ ನಾವು ಇದ್ದೇವೋ ಸತ್ತಿದ್ದೇವೋ ಅವರಿಗೆ ತಿಳಿಯದು. ಆದರೆ ಆ ಮನೆಗೆ ಅವರು ಹೋಗಿರಲಿಲ್ಲ.

ನಾನು ಗ್ಲಿಗೋರೆಯ ಪಕ್ಕದಲ್ಲೇ ಇದ್ದೆ. ಅವನು ಕಾರ್ಡುಗಳನ್ನು ನೋಡಿದ, ಆ ಉಗುರಿನ ಗೀರನ್ನು ನೋಡಿದ. ಬಾಯಿ ತೆರೆದ. "ಧನ್ಯವಾದ ಗ್ಲಿಗೋರಣ್ಣ, ಕೂತ್ಕೊಳ್ಳಿ," ಎಂದ ಬುಜೋರ್. ಅವನು ಕೂತ.

ಸಭೆ ಮುಗಿದ ಮೇಲೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಕಂಡ್ಯಾ? ಅದು ನನ್ನ ಮಡಿಕೆ."

"ಮೆಲ್ಲಗೆ ಮಾತಾಡು. ಇಲ್ಲಿ ಗೋಡೆಗೂ ಕಿವಿ ಇದೆ."

"ಪ್ರೊದಾನ್ ಸಾಹೇಬ್ರಿಗೆ ಗೊತ್ತೇ ಇಲ್ಲ ಕಣೆ! ಈ ಸಲ ಯಾರಿಗೂ ಕಾರ್ಡು ಬೇಡ ಗ್ಲಿಗೋರೆ, ಕಾಲ ಸರಿಯಿಲ್ಲ ಅಂತ ಅವರು ಹೇಳಿದ್ರು. ಆಗ್ಲಿ ಸಾಹೇಬ್ರೇ ಅಂದೆ. ಅಂದ್ಬಿಟ್ಟು ಹೋಗಿ ಕೊಟ್ಟೆ."

ಇದನ್ನು ಜನವರಿಯಲ್ಲಿ ಅವನು ನನಗೆ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಬೇಡ ಅಂದ್ಮೇಲೂ ಯಾಕೆ ಹೋದೆ, ಮುಠ್ಠಾಳ?"

"ಭಯಕ್ಕೆ ಹಂಗಂತಾರೆ, ಆಮೇಲೆ ಬೇಜಾರಾಗ್ತಾರೆ ಅಂದ್ಕೊಂಡೆ. ಅವರ ಮರ್ಯಾದೆ ಉಳಿಸೋಕೆ ಹೋದೆ." ಕೈಗವಸು ತೆಗೆದು ಮೇಜಿನ ಮೇಲಿಟ್ಟ. "ನಾಳೆ ಬುಜೋರ್‌ಗೆ ಹೇಳ್ಬಿಡ್ತೀನಿ."

"ನಿನ್ನನ್ನ ಹಿಡೀತಾರೆ."

"ನನ್ನನ್ನ ಯಾಕೆ? ನಾನು ಬಾಗಿಲು ಕಾಯೋನು. ಕಾರ್ಡು ಹಂಚೋದು ನನ್ನ ಕೆಲಸ. ನೀನು ನೋಡಿದೀಯಲ್ಲ, ನಿನ್ನ ಗಂಡನ ಬೂಟು ಹಾಕ್ಕೊಂಡೇ ಹೋಗಿದ್ದು. ಕೇಳಿದ್ರೆ ಅಷ್ಟು ಹೇಳು, ಸಾಕು. ಹೇಳ್ತೀಯಾ?"

"ಹೇಳ್ತೀನಿ," ಎಂದೆ.

ಆ ಸಂಜೆ ಅವನ ಹೆಂಡತಿ ಸವೇತಾ ನನಗೆ ಹೇಳಿ ಕಳಿಸಿದಳು. ಅವರ ಮನೆ ಎರಡು ಬೀದಿ ಆಚೆ, ಒಂದು ಅಂಗಳದ ಹಿಂದಿನ ಒಂದೂವರೆ ಕೋಣೆ. ಗ್ಲಿಗೋರೆ ಇಗರ್ಜಿಗೆ ಹೋಗಿದ್ದ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ದಿನಗಳು, ಒಲೆಯ ಮೇಲೆ ಹುರುಳಿಕಾಯಿ ಬೀಜದ ಸಾರು, ಹಲಗೆಯ ಮೇಲೆ ಮೆಕ್ಕೆಜೋಳದ ಮುದ್ದೆ. ಸವೇತಾ ದಾರದಿಂದ ಮುದ್ದೆ ಕೊಯ್ದು ನನ್ನ ತಟ್ಟೆಗೆ ಹಾಕಿದಳು, ಗುದ್ದಿ ಒಡೆದ ಈರುಳ್ಳಿ ಇಟ್ಟಳು. ನಾನು ತಿಂದು ಮುಗಿಸಿದ ಮೇಲೆ ತಟ್ಟೆ ಎತ್ತಿಟ್ಟಳು.

"ಎಲ್ಲಾ ಹೇಳಿದ ನನಗೆ," ಎಂದಳು ಆಮೇಲೆ. "ನಾಳೆ ಹೋಗಿ ಕೊರಳು ಕೊಡ್ತಾನಂತೆ."

"ಪ್ರೊದಾನ್ ಸಾಹೇಬ್ರದ್ದು ತಪ್ಪಿಲ್ಲ, ಸವೇತಕ್ಕ."

"ಇವಂದಿದೆಯಾ?" ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. "ಪಕ್ಕದ ಮನೆ ಡ್ರೈವರ್ ಯೋರ್ದಾಕೆ, ತನ್ನ ಹಳೇ ಧಣಿ ಒಳ್ಳೆಯವನು ಅಂತ ಒಂದು ಮಾತು ಹೇಳಿದ. ಒಂದೇ ಮಾತು. ಹಿಡ್ಕೊಂಡು ಹೋಗಿ ಎಂಟು ವಾರ ಆಯ್ತು, ಹೆಣವೂ ಇಲ್ಲ ಕಾಗದವೂ ಇಲ್ಲ. ನನ್ನ ಗಂಡನ್ನ ತಡೆಯೋಕೆ ನನ್ನ ಕೈಲಿ ಆಗಲ್ಲ, ಕತ್ತೆ ಅವನು. ಆದ್ರೆ ಸಾಕ್ಷಿ ನೀನೊಬ್ಬಳೇ ತಾನೆ? ನೀನು ನೋಡಿಲ್ಲ ಅಂದ್ರೆ ಅವನ ಮಾತು ಬರೀ ಮುದುಕನ ಮಾತು. ಬೈದು ಮನೆಗೆ ಕಳಿಸ್ತಾರೆ."

"ನಾನು ಅವನಿಗೆ ಮಾತು ಕೊಟ್ಟಿದೀನಿ ಅಕ್ಕ."

"ನನಗೂ ಕೊಡು," ಎಂದು ನನ್ನ ಕೈ ಹಿಡಿದು ಮೂಲೆಯ ದೇವರ ಪಟದ ಮುಂದೆ ಎಳೆದೊಯ್ದಳು. "ನಿನ್ನ ಗಂಡನೂ ಬರಲಿಲ್ಲ. ಬಾರದೆ ಇರೋದು ಅಂದ್ರೆ ಏನು ಅಂತ ನಿನಗೆ ಗೊತ್ತು. ಕೊಡು."

ಕೊಟ್ಟೆ. ಒಂದೇ ದಿನದಲ್ಲಿ ಗಂಡನಿಗೆ ಒಂದು, ಹೆಂಡತಿಗೆ ಒಂದು. ಮನೆಗೆ ನಡೆದು ಬರುವಾಗ, ನಾಳೆ ಯಾವುದನ್ನು ಮುರಿಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ನಂಬುವವರು ನಂಬಿ.

ಮಾರನೆಯ ಬೆಳಿಗ್ಗೆ ಬುಜೋರ್ ನನ್ನನ್ನು ಕರೆಸಿದ. ಗ್ಲಿಗೋರೆ ಆಗಲೇ ಅವನ ಮೇಜಿನ ಮುಂದೆ ನಿಂತಿದ್ದ, ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಬುಜೋರ್ ಕೋಪ ಮಾಡಿಕೊಂಡಿರಲಿಲ್ಲ. ಅವನು ಕೋಪ ಮಾಡಿಕೊಂಡದ್ದನ್ನು ನಾನು ಎಂದೂ ಕಂಡಿಲ್ಲ, ಅದೇ ಅವನಲ್ಲಿದ್ದ ಭಯಂಕರ ಗುಣ.

"ಇನ್ನೊಂದ್ಸಲ ಹೇಳಿ, ಅಣ್ಣ. ನಿಮ್ಮನ್ನ ಕಳಿಸಿದ್ದು ಯಾರು?"

"ಯಾರೂ ಇಲ್ಲ, ಕಾಮ್ರೇಡ್."

"ಯಾರೂ ಹೇಳ್ದೆ ಕೇಳ್ದೆ, ಆ ಮಂಜಲ್ಲಿ, ಪರದೇಶದೋರ ಬಾಗಿಲಿಗೆ ನೀವಾಗೇ ಹೋದ್ರಿ."

"ಹೌದು."

"ಯಾಕೆ?"

"ಪದ್ಧತಿ, ಕಾಮ್ರೇಡ್. ಪ್ರತಿ ವರ್ಷವೂ ಹೋಗ್ತಿದ್ದೆ."

"ಪ್ರತಿ ವರ್ಷವೂ," ಎಂದ ಬುಜೋರ್. ಒಂದು ಹೊಸ ಹಾಳೆ ಎಳೆದುಕೊಂಡು ಮೇಲೆ ಗ್ಲಿಗೋರೆಯ ಹೆಸರು ಬರೆದ. ಮನೆತನದ ಹೆಸರು ಅವನಿಗೆ ಗೊತ್ತಿತ್ತು. "ಅಂದ್ರೆ ಇಪ್ಪತ್ತೇಳು ವರ್ಷದಿಂದ ಆ ಎಲ್ಲಾ ರಾಯಭಾರ ಕಚೇರಿಗಳಿಗೂ ನೀವು ಹೋಗಿ ಬಂದು ಮಾಡ್ತಿದ್ದೀರಿ. ಅಲ್ಲಿಯ ಆಳುಗಳೆಲ್ಲ ನಿಮಗೆ ಪರಿಚಯ. ಅವರ ಹೆಸರು ಹೇಳ್ತೀರಾ?"

ಗ್ಲಿಗೋರೆ ಒಮ್ಮೆ ನನ್ನ ಕಡೆ ನೋಡಿದ. ಅವನಿಗೆ ಇನ್ನೂ ತಿಳಿದಿರಲಿಲ್ಲ. ನನಗೆ ತಿಳಿಯಿತು. ಈ ಹಾಳೆ ತುಂಬಿದರೆ ಪ್ರೊದಾನ್ ಪಾರಾಗುವುದಿಲ್ಲ, ಇವನೂ ಒಳಗೆ ಹೋಗುತ್ತಾನೆ, ಇವನ ಹಿಂದೆ ತಟ್ಟೆ ಹಿಡಿದವರೆಲ್ಲ ಸಾಲಾಗಿ ಹೋಗುತ್ತಾರೆ. ಆಗ ಹಾಗೆ ಅನ್ನಿಸಿತು ಎಂದು ನಲವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಬೂಟಿನ ವಿಷಯವೂ ನನಗೆ ಆ ಹೊತ್ತಿನಲ್ಲಿ ನೆನಪಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

"ವೆತೂರಿಯಕ್ಕ," ಎಂದು ಬುಜೋರ್ ತಿರುಗಿದ. "ಜನವರಿ ಎರಡನೇ ತಾರೀಕು ಇವರು ಚೀಲ ತಗೊಂಡು ಹೋಗಿದ್ದನ್ನ ನೀವು ನೋಡಿದ್ರಂತೆ."

"ಇಲ್ಲ," ಎಂದೆ.

"ಇಲ್ವಾ?"

"ಆ ದಿನ ಇವನು ಹೊರಗೇ ಹೋಗ್ಲಿಲ್ಲ. ನನ್ನ ಕೋಣೆ ಒಲೆ ಹೊಗೆ ಕಾರ್ತಿತ್ತು. ಸಂಜೆ ತನಕ ಅದರ ಕೊಳವೆ ಬಿಚ್ಚಿ ಮಸಿ ಕೆರೀತಾ ಕೂತಿದ್ದ."

ಎಷ್ಟು ಸಲೀಸಾಗಿ ಬಂತು ನೋಡಿ. ಒಲೆ, ಕೊಳವೆ, ಮಸಿ. ನನ್ನ ನಾಲಿಗೆ ಉದ್ದ ಎಂದು ಕಚೇರಿಯಲ್ಲೆಲ್ಲ ಹೆಸರಿತ್ತು.

"ವೆತೂರಿಯಾ," ಎಂದ ಗ್ಲಿಗೋರೆ. "ಬೂಟು ಕೊಟ್ಯಲ್ಲೇ ನೀನು."

"ಯಾವ ಬೂಟು?"

"ನಿನ್ನ ಗಂಡನ ಬೂಟು."

"ನನ್ನ ಗಂಡ ಬೂಟು ಹಾಕ್ಕೊಂಡೇ ಹೋದ. ಮನೇಲಿ ಬೂಟೆಲ್ಲಿಂದ ಬರ್ಬೇಕು?"

ಅವನು ನನ್ನ ಕಡೆ ತಿರುಗಿದ. ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದ. ಬುಜೋರ್ ಆ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ. ಅವನ ಮುಖದಲ್ಲೂ ಸ್ವಲ್ಪ ನಿರಾಳ ಕಂಡಂತಾಯಿತು, ಅಥವಾ ನನಗೆ ಹಾಗೆ ಕಾಣಬೇಕಿತ್ತು.

"ನಮ್ಮೋರು ನೀವು, ಗ್ಲಿಗೋರಣ್ಣ. ಬಡವರ ಮಗ. ಆದ್ರೂ ಧಣಿಗಳ ಋಣ ನಿಮ್ಮ ಮೈಯಿಂದ ಇನ್ನೂ ಇಳಿದಿಲ್ಲ. ನಿಮ್ಮನ್ನ ಹೊರದೇಶಕ್ಕೆ ಕಳಿಸೋಕಾಗಲ್ಲ. ಈಸ್ಟರ್ ತನಕ ಬಾಗಿಲಲ್ಲಿರಿ, ಆಮೇಲೆ ಊರಿಗೆ ಹೋಗಿ ಆರಾಮವಾಗಿರಿ."

ಆ ಮಧ್ಯಾಹ್ನ ನಾಲ್ಕು ಗಂಟೆಗೆ ಪ್ರೊದಾನ್ ಇಬ್ಬರ ನಡುವೆ ಮೆಟ್ಟಿಲಿಳಿದು ಬಂದರು. ನನ್ನ ಕಿಟಕಿಯ ಹತ್ತಿರ ಬಂದು ಬಿಲ್ಲೆ ತೆಗೆಯಲು ಜೇಬಿಗೆ ಕೈ ಹಾಕಿದರು. "ಕೋಟು ಬೇಡ, ಹತ್ತು ನಿಮಿಷದ ಕೆಲಸ," ಎಂದ ಒಬ್ಬ. ಪ್ರೊದಾನ್ ನನ್ನ ಕಡೆ ನೋಡಿ, ಕ್ಷಮೆ ಕೇಳುವವರ ಹಾಗೆ ತಲೆ ಬಾಗಿಸಿದರು. ಗ್ಲಿಗೋರೆ ಬಾಗಿಲು ತೆರೆದ. ಅದು ಅವನ ಕೆಲಸ. ಪ್ರೊದಾನ್ ಹಾದು ಹೋಗುವಾಗ ಅವನು ಬಗ್ಗ ಬಾರದಷ್ಟು ಬಗ್ಗಿ ನಮಸ್ಕರಿಸಿದ್ದನ್ನು ನಾನು ಕಂಡೆ. ಆ ಇಬ್ಬರೂ ಕಂಡರು. ಅವರಿಗೆ ನಗು ಬಂತು.

ಗ್ಲಿಗೋರೆ ಮುಂದೇನಾದ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬರೆಯುವ ಮನಸ್ಸು ಉಳಿಯಲಾರದು. ಅವನು ಊರಿಗೆ ಹೋಗಿ ಏಳು ವರ್ಷ ಬದುಕಿದ. ಕೋಳಿ ಸಾಕಿದ, ಪ್ಲಮ್ ಮರ ನೆಟ್ಟ. ಯಾರೂ ಅವನನ್ನು ಮುಟ್ಟಲಿಲ್ಲ. ಹಾಸಿಗೆಯ ಮೇಲೆ, ಹೆಂಡತಿ ಮೊಂಬತ್ತಿ ಹಿಡಿದು ಕೂತಿರುವಾಗ ಪ್ರಾಣ ಬಿಟ್ಟ. ಸವೇತಾ ಸಾಯುವ ತನಕ ನನಗೆ ಪ್ರತಿ ಕ್ರಿಸ್ಮಸಿಗೆ ಒಂದು ಕೋಳಿ ಕಳಿಸಿದಳು. ಪ್ರೊದಾನ್ ಕೈದಿಗಳಿಂದ ಕಾಲುವೆ ತೋಡಿಸುವ ಶಿಬಿರಕ್ಕೆ ಹೋದರು ಎಂದು ಒಬ್ಬರು, ಅಷ್ಟು ದೂರವೂ ಹೋಗಲಿಲ್ಲ ಎಂದು ಇನ್ನೊಬ್ಬರು ಹೇಳಿದರು. ಹಿಂದಿರುಗಿದ್ದನ್ನು ಕಂಡವರು ಯಾರೂ ಇಲ್ಲ.

ಈಸ್ಟರಿಗೆ ಎರಡು ದಿನ ಮುಂಚೆ ಗ್ಲಿಗೋರೆಯ ಕಡೆಯ ದಿನ. ಅಷ್ಟೂ ವಾರ ಅವನು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತು ಆಡಿದ್ದ. "ಕೊಡೆ ತಗೋ", "ಬಾಗಿಲು ಹಾಕು", ಇಷ್ಟೇ. ಅವತ್ತು ತನ್ನ ಟೋಪಿಗಾಗಿ ನನ್ನ ಕಿಟಕಿಯ ಮುಂದೆ ನಿಂತಿದ್ದಾಗ ಶ್ರೀಮತಿ ಪ್ರೊದಾನ್ ಬಂದರು. ಕಪ್ಪು ಸ್ಕಾರ್ಫ್, ಸವೆದ ಬೂಟು. ಕೈಯಲ್ಲಿ ಒಂದು ಗಾಜಿನ ಭರಣಿ.

"ನನ್ನ ಯಜಮಾನರ ಕೋಟು ಇಲ್ಲೇ ಉಳಿದಿದೆಯಂತೆ," ಎಂದರು ನನಗೆ. ನಾನು ತಂದುಕೊಟ್ಟೆ. ಬಿಲ್ಲೆ ಕೇಳಲಿಲ್ಲ. ಅವರು ಕೋಟಿನ ಕಾಲರನ್ನು ಒಮ್ಮೆ ಮೂಸಿ ನೋಡಿ, ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ಗ್ಲಿಗೋರೆಯ ಕಡೆ ತಿರುಗಿದರು.

"ಗ್ಲಿಗೋರೆ ಅಂದ್ರೆ ನೀವೇನಾ? ನೀವು ಅವರ ಪರವಾಗಿ ಮಾತಾಡಿದ್ರಿ ಅಂತ ಕೇಳ್ದೆ. ಇಡೀ ಊರಲ್ಲಿ ನೀವೊಬ್ಬರೇ." ಭರಣಿಯನ್ನು ಅವನ ಕೈಗಿಟ್ಟರು. ಹುಳಿ ಚೆರ್ರಿಯ ಪಾಕ. "ಹೋದ ವರ್ಷದ್ದು. ನನ್ನ ಹತ್ರ ಬೇರೆ ಏನೂ ಇಲ್ಲ."

"ನನ್ನ ಮಾತಿಂದ ಏನೂ ಆಗ್ಲಿಲ್ಲ, ಅಮ್ಮಾವ್ರೇ."

"ಅದೇ ಕೇಳೋಣ ಅಂತಿದ್ದೆ." ದನಿ ತಗ್ಗಿಸಿದರು. "ನೀವು ಹೋಗಿದ್ದನ್ನ ಯಾರಾದ್ರೂ ನೋಡಿರ್ಲೇ ಇಲ್ವಾ? ಒಬ್ಬ ಸಾಕ್ಷಿ ಇದ್ದಿದ್ರೆ ಅಂತ ರಾತ್ರಿಯೆಲ್ಲ ಅದನ್ನೇ ಯೋಚಿಸ್ತೀನಿ. ಒಬ್ಬರೂ ನೋಡಿರ್ಲಿಲ್ವಾ, ಗ್ಲಿಗೋರೆ?"

ನಾನು ಮೂರು ಅಡಿ ದೂರದಲ್ಲಿ, ಅವನ ಟೋಪಿ ಹಿಡಿದುಕೊಂಡು ನಿಂತಿದ್ದೆ. ಈಗ ಹೇಳುತ್ತಾನೆ, ಹೇಳಲಿ, ಎಂದುಕೊಂಡೆ. ದೇವರಾಣೆಗೂ ಅವನು ಹೇಳಲಿ ಎಂದೇ ನನಗೆ ಆಸೆಯಾಯಿತು.

"ಇಲ್ಲ, ಅಮ್ಮಾವ್ರೇ," ಎಂದ ಗ್ಲಿಗೋರೆ. "ಬೆಳಿಗ್ಗೆ ಮಂಜು ಬೀಳ್ತಿತ್ತು. ಬೀದೀಲಿ ಯಾರೂ ಇರ್ಲಿಲ್ಲ."

ಆಕೆ ಇಬ್ಬರಿಗೂ ವಂದಿಸಿ, ಇಬ್ಬರಿಗೂ ಈಸ್ಟರಿನ ಶುಭ ಕೋರಿ ಹೋದರು. ಅವನು ನನ್ನ ಕೈಯಿಂದ ಟೋಪಿ ತೆಗೆದುಕೊಂಡ. ಭರಣಿಯನ್ನು ನನ್ನ ಕಿಟಕಿಯ ಮೇಲೆ, ನನ್ನ ಮುಂದೆ ಇಟ್ಟು, ಬಾಗಿಲು ತೆರೆದುಕೊಂಡು ಹೊರಟುಹೋದ.